ಸಿಮೋನಳ ಹಣೆ

ರೂಸೆಲ್ ಅವರ ಬಳಿ ಹೆಂಡತಿಯ ಒಂದು ಫೋಟೊ ಕೂಡ ಇರಲಿಲ್ಲ. ಕ್ಯಾಮೆರಾ ಕಂಡರೆ ಸಿಮೋನ್ ಎದ್ದು ಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಉಳಿದದ್ದು ಒಂದು ಚಿತ್ರ. ಯಾವುದೋ ಊರಿನ ಡ್ರಾಯಿಂಗ್ ಮೇಷ್ಟರು ಕಾಗದದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದುಕೊಟ್ಟದ್ದು.

ಫ್ರಾನ್ಸಿನಿಂದ ಬಂದು ರೈನ್ ನದಿಗೆ ಸೇತುವೆ ಕಟ್ಟಿದ ಎಂಜಿನಿಯರ್ ಅವರು. ಗಳಿಸಿದ್ದನ್ನೆಲ್ಲ ಚಿತ್ರಗಳಿಗೆ ಸುರಿದಿದ್ದರು. ಜರ್ಮನಿಯ ಡ್ಯೂಸೆಲ್ಡಾರ್ಫಿನ ಮನೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ. ಮ್ಯೂಸಿಯಮ್ಮಿನವರು ಬಂದಾಗ ನಿಂತು ನೋಡದೆ ಹೋಗುತ್ತಿದ್ದದ್ದು ಸಿಮೋನಳ ಚಿತ್ರವೊಂದನ್ನೇ. ರೂಸೆಲ್ ಕುರ್ಚಿ ಹಾಕಿಕೊಂಡಿದ್ದು ಅದರ ಎದುರಿಗೇ.

ಕಣ್ಣಿಗೆ ಪೊರೆ ಬಂದ ಮೇಲೆ ಚಿತ್ರದ ಮೇಲಿನ ಗಾಜು ಬರೀ ಹೊಳೆಯತೊಡಗಿತು. ಗಾಜು ತೆಗೆಸಿದರು. ಆಮೇಲೂ ಮುಖ ಮಂಜು ಮಂಜು. ಆಪರೇಷನ್ನಿಗೆ ಒಪ್ಪಿದ್ದು ಆ ಮುಖಕ್ಕಾಗಿ.

ಮೇಲಿನ ಮನೆಯ ಬಾಡಿಗೆದಾರ ಅಭಿನವ ಬಾಗಲಕೋಟೆಯವನು. ಬೇಸಿಗೆಗೆ ಬಂದಿದ್ದ ಅವನ ತಾಯಿ ಬಸವ್ವ ಆಗಾಗ ಕೆಳಗೆ ಖಡಕ್ ರೊಟ್ಟಿ ಕೊಟ್ಟು ಬರುತ್ತಿದ್ದಳು.

"ಈ ಮುದುಕಪ್ಪ ರೊಟ್ಟಿನೂ ಬಡದು ನೋಡಿ ತಿಂತಾನ."

"ಸೇತುವೆ ಕಟ್ಟಿದವರು, ಅವ್ವ."

"ನನ್ನ ರೊಟ್ಟಿ ಅದಕ್ಕಿಂತ ಗಟ್ಟಿ ಅದ ಅಂತ ಹೇಳು."

ಆಸ್ಪತ್ರೆಗೆ ಹೊರಟಾಗ ರೂಸೆಲ್ ಗಿಡಗಳಿಗೆ ನೀರು ಹಾಕಲು ಅವಳಿಗೇ ಕೀ ಕೊಟ್ಟರು. ಅಂದು ಶುಕ್ರವಾರ. ಊರಿನಲ್ಲಾದರೆ ಬಸವ್ವ ದೇವರ ಫೋಟೊ, ಹಿರಿಯರ ಫೋಟೊ ಎಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಕುಂಕುಮ ಹಚ್ಚುವ ದಿನ.

ಆಫೀಸಿನಿಂದ ಬಂದ ಅಭಿನವ ಅವ್ವನನ್ನು ಹುಡುಕಿಕೊಂಡು ಕೆಳಗೆ ಹೋದವನು ಸಿಮೋನಳ ಚಿತ್ರದ ಮುಂದೆ ನಿಂತುಬಿಟ್ಟ.

"ಏನ್ ಮಾಡಿದಿ ಅವ್ವ?"

"ಧೂಳ ಕೂತಿತ್ತು. ಗಾಜು ಅದ ಅಂತ ತಿಳಿದು ಒರಸಿದೆ, ಬಣ್ಣೆಲ್ಲ ಬಟ್ಟಿಗೆ ಬಂತು." ಬಸವ್ವ ಸೆರಗು ಹಿಂಡುತ್ತಿದ್ದಳು. "ಮುತ್ತೈದಿ ಆಗಿ ಹೋದಾಕಿ. ಹಣಿ ಬರೇ ಇತ್ತಲ್ಲೋ."

ಮರುದಿನ ರೂಸೆಲ್ ಬಂದಾಗ ಅಭಿನವ ಬಾಗಿಲಲ್ಲೇ ಎಲ್ಲ ಹೇಳಿದ. ಅವರು ಹೋಗಿ ಕುರ್ಚಿಯಲ್ಲಿ ಕೂತರು. ಆಪರೇಷನ್ ಆದ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಪೊರೆಯ ಕಣ್ಣಿನಿಂದ ನೋಡಿದರು. ಆ ಕಣ್ಣಿಗೆ ಅವಳು ಮೊದಲು ಎಷ್ಟಿದ್ದಳೋ ಹೆಚ್ಚುಕಮ್ಮಿ ಅಷ್ಟೇ ಇದ್ದಳು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಕೈ ತೆಗೆದರು.

"ಈ ಕೆಂಪು ಏನು?"

"ಕುಂಕುಮ. ಗಂಡನಿಗಿಂತ ಮೊದಲು ಹೋದವರಿಗೆ ನಮ್ಮಲ್ಲಿ ಇಡ್ತಾರೆ."

"ಅದು ಇರಲಿ."

ಎದ್ದು ಹತ್ತಿರ ಹೋಗಿ, ಬಿರುಕು ಬಿಟ್ಟ ಕಂಬ ಪರೀಕ್ಷಿಸುವವರ ಹಾಗೆ ಮೇಲಿನಿಂದ ಕೆಳಗೆ ನೋಡಿದರು. ಕೂದಲು ಉಳಿದಿತ್ತು. ಕೊರಳು, ಹಸಿರು ಕಾಲರು ಇದ್ದವು. ಹೋದದ್ದು ಎರಡು ಕಣ್ಣು, ಒಂದು ಮೂಗು, ಅರ್ಧ ಬಾಯಿ.