ಶುಕ್ರವಾರದ ಡೋಜಿ

ನಂದನ್ ಹೇಳಿದ್ದು ಯಾವಾಗಲೂ ಸರಿಯಾಗುತ್ತಿತ್ತು. ಸುಪ್ರೀತಾಳಿಗೆ ಸಂಶಯ ಹುಟ್ಟಿದ್ದೇ ಅದರಿಂದ.

ಆತ ಮೈಸೂರಿನ ಕಡೆಯವನು. ಮಸ್ಕತ್ತಿನ ಅಲ್ ಅಜೈಬಾದ ತನ್ನ ಫ್ಲ್ಯಾಟಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾಲ್ಕಾರು ಮಂದಿಯನ್ನು ಕೂರಿಸಿಕೊಂಡು ಶೇರಿನ ಚಾರ್ಟ್ ಓದುವುದನ್ನು ಕಲಿಸುತ್ತಿದ್ದ. ಶುಕ್ರವಾರ ಅಲ್ಲಿ ರಜೆ, ಮುಂಬೈ ಮಾರುಕಟ್ಟೆಗೆ ಕೆಲಸದ ದಿನ. ಹಾಗಾಗಿ ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಬೆಲೆಯ ಏರಿಳಿತ ತೋರಿಸುವ ಕೆಂಪು ಹಸಿರು ಕ್ಯಾಂಡಲ್‌ಗಳು ಕಣ್ಣೆದುರೇ ಮೂಡುತ್ತಿದ್ದವು. ಅದೇ ಊರಿನ ವಾದಿ ಕಬೀರ್ ಎಂಬಲ್ಲಿನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಸುಕೇಶ್ ಆ ಕ್ಲಾಸಿಗೆ ಹೋಗತೊಡಗಿದ ಮೇಲೆ ಬೇರೆ ಮಾತೇ ಆಡುತ್ತಿರಲಿಲ್ಲ. ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆ ಎಂದು ಒಂದು ದಿನ ಹೆಂಡತಿಗೆ ಹೇಳಿದ. ಸುಪ್ರೀತಾ ಬೇಡ ಎನ್ನಲಿಲ್ಲ. ಮುಂದಿನ ಶುಕ್ರವಾರ ತಾನೂ ಕಾರು ಹತ್ತಿದಳು.

ಪಾಠವೇನೋ ಚೆನ್ನಾಗಿಯೇ ಇತ್ತು. ಕೊಳ್ಳುವವರು ಮೇಲಕ್ಕೆ, ಮಾರುವವರು ಕೆಳಕ್ಕೆ ಎಳೆದಾಡಿ, ಕೊನೆಗೆ ಬೆಲೆ ಶುರುವಾದಲ್ಲಿಗೇ ಬಂದು ನಿಂತರೆ ಕ್ಯಾಂಡಲ್ಲಿನ ಹೊಟ್ಟೆ ಗೆರೆಯಷ್ಟಾಗುತ್ತದೆ, ಮೇಲೂ ಕೆಳಗೂ ಬತ್ತಿ ಮಾತ್ರ ಉಳಿಯುತ್ತದೆ, ಅದು ಡೋಜಿ. ಹೊಟ್ಟೆ ಸ್ವಲ್ಪ ಇದ್ದರೆ ಬುಗುರಿ. ಎರಡರ ಅರ್ಥವೂ ಒಂದೇ: ಮಾರುಕಟ್ಟೆಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಮುಂದಿನ ಕ್ಯಾಂಡಲ್ ನೋಡುವ ತನಕ ಕೈ ಹಾಕಬಾರದು ಎಂದು ನಂದನ್ ಎಲ್ಲರಿಗೂ ಹೇಳಿದ. ಆದರೆ ತಾನು ಮಾತ್ರ ಕಾಯಲಿಲ್ಲ. ಡೋಜಿ ಮೂಡಿದ್ದೇ ತಡ, ಈಗ ಇಳಿಯುತ್ತೆ ನೋಡಿ ಎಂದ. ಇಳಿಯಿತು. ಈಗ ಏರುತ್ತೆ ಎಂದ. ಏರಿತು. ಸುಕೇಶ್ ಹೆಮ್ಮೆಯಿಂದ ಹೆಂಡತಿಯತ್ತ ನೋಡಿದ. ಮಾರುಕಟ್ಟೆಗೇ ತಿಳಿಯದ್ದು ಈ ಮನುಷ್ಯನಿಗೆ ಹೇಗೆ ತಿಳಿಯುತ್ತದೆ ಎಂದು ಅವಳು ಯೋಚಿಸುತ್ತಿದ್ದಳು. ನಂದನ್‌ನ ಹೆಂಡತಿ ಹಿತಾ ಕಾಫಿ ತಂದುಕೊಟ್ಟಳು. ಅವಳ ಮುಖದಲ್ಲಿ ಕಪಟವೇನೂ ಕಾಣಲಿಲ್ಲ.

ಆಮೇಲೆ ಬಂದದ್ದು ಗುಡ್ ಫ್ರೈಡೆ. ಸುಪ್ರೀತಾಳ ಆಫೀಸಿನ ಪ್ಯಾಟ್ರಿಷಿಯಾ ಉಪವಾಸದ ಮಾತು, ಚರ್ಚಿನ ನೂಕುನುಗ್ಗಲಿನ ಮಾತು ವಾರವಿಡೀ ಆಡಿದ್ದಳು. ಕ್ಲಾಸಿನ ಟಿವಿಯಲ್ಲಿ ಕ್ಯಾಂಡಲ್‌ಗಳು ಎಂದಿನಂತೆ ಓಡುತ್ತಿದ್ದುದನ್ನು ಕಂಡಾಗ ಸುಪ್ರೀತಾಳಿಗೆ ಅದು ಫಕ್ಕನೆ ನೆನಪಾಯಿತು. ಫೋನ್ ತೆಗೆದು ನೋಡಿದಳು. ಮುಂಬೈ ಮಾರುಕಟ್ಟೆಗೆ ರಜೆ.

"ನಂದನ್ ಅವರೇ, ಇದು ಈಗ ನಡೆಯುತ್ತಿರುವುದಾ?" ಎಂದು ಮೆತ್ತಗೆ ಕೇಳಿದಳು.

"ಹೌದು ಮೇಡಂ, ಲೈವ್."

"ಇವತ್ತು ಗುಡ್ ಫ್ರೈಡೆ ಅಲ್ವಾ. ಅಲ್ಲಿ ಬಂದ್ ಉಂಟಲ್ಲ?"

ಅಭ್ಯಾಸಕ್ಕೆಂದು ಹಳೆಯ ದಿನದ್ದನ್ನು ಓಡಿಸಿದ್ದೇನೆ, ಹೇಳಲು ಮರೆತೆ ಎಂದು ನಂದನ್ ತಡವರಿಸಿದ. ಉಳಿದವರು ತಲೆಯಾಡಿಸಿದರು. ಹಿಂದಿನ ಶುಕ್ರವಾರಗಳ ಬಗ್ಗೆ ಕೇಳುವ ಮನಸ್ಸು ಯಾರಿಗೂ ಇದ್ದಂತಿರಲಿಲ್ಲ.

ಎಲ್ಲರೆದುರು ಮಾನ ತೆಗೆದೆ ಎಂದು ಸುಕೇಶ್ ದಾರಿಯುದ್ದಕ್ಕೂ ಸಿಡಿಮಿಡಿಗೊಂಡ. ಮನೆಗೆ ಬಂದ ಮೇಲೆ ಅವಳು ಅವನ ಲ್ಯಾಪ್‌ಟಾಪಿನಲ್ಲಿ ಹಳೆಯ ಚಾರ್ಟ್ ಒಂದನ್ನು ತೆರೆದು, ಡೋಜಿಯ ಬಲಗಡೆ, ಮುಂದೆ ಆದದ್ದನ್ನೆಲ್ಲ, ಅಂಗೈಯಿಂದ ಮುಚ್ಚಿದಳು. "ಈಗ ಹೇಳಿ. ಏರುತ್ತದಾ, ಇಳಿಯುತ್ತದಾ?" ಎಂದಳು. ಅವನು ಬೀಗುತ್ತಲೇ ಹೇಳಿದ. ತಪ್ಪಾಯಿತು. ಮತ್ತೊಂದು ಸರಿಯಾಯಿತು, ಆಮೇಲೆ ಎರಡು ತಪ್ಪಾದವು. ಊಟ ಆರುವವರೆಗೂ ಇಬ್ಬರೂ ಅದನ್ನೇ ಮಾಡುತ್ತ ಕುಳಿತರು. ಕೊನೆಗೆ ಸುಕೇಶ್ ತಾನೇ ಲ್ಯಾಪ್‌ಟಾಪ್ ಮುಚ್ಚಿದ. ಗ್ಯಾರೇಜ್ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಕ್ಲಾಸು ನಿಂತುಹೋಯಿತು. ಸುಪ್ರೀತಾಳ ತಲೆಯಿಂದ ಮಾತ್ರ ನಂದನ್ ಹೋಗಲಿಲ್ಲ. ಅಷ್ಟು ಓದಿದವನು, ಒಳ್ಳೆಯ ಕಂಪನಿಯಲ್ಲಿ ಇರುವವನು, ಇಂಥ ನಾಟಕ ಯಾಕೆ ಆಡಬೇಕು?

ಒಂದು ಮಂಗಳವಾರ ಆಫೀಸಿನ ಕೆಲಸಕ್ಕೆ ಮತ್ರಾಕ್ಕೆ ಹೋದವಳಿಗೆ ಆತ ಸಮುದ್ರದೆದುರಿನ ಬೆಂಚಿನಲ್ಲಿ ಕಂಡ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಆಫೀಸಿನ ಟ್ಯಾಗು. ಅವಳನ್ನು ಕಂಡು ಎದ್ದು ನಿಂತ. ಚಳಿಗಾಲದಲ್ಲೇ ಕೆಲಸ ಹೋಯಿತೆಂದೂ, ದಿನಾ ಹೀಗೇ ಹೊರಟು ಬಂದು ಕೂರುವುದೆಂದೂ ಹೇಳಿದ. "ಹಿತಾಗೆ ಗೊತ್ತಿಲ್ಲ. ಮನೇಲಿ ಜನ ಬಂದು ಸಾರ್ ಅಂತಿದ್ರೆ, ಅವಳೂ ಏನೂ ಕೇಳ್ತಿರಲಿಲ್ಲ."

ಸುಪ್ರೀತಾ ಸಂಜೆ ಅದನ್ನು ಗಂಡನಿಗೆ ಹೇಳಿದಳು. ನೀನು ನಂಬಿದೆಯಾ ಎಂದು ಅವನು ಕೇಳಿದ.

"ಅರ್ಧ," ಎಂದಳು. "ಇಬ್ಬರನ್ನೂ ಊಟಕ್ಕೆ ಕರೆಯಿರಿ. ಅವಳ ಎದುರಿಗೆ ಎಂತ ಹೇಳ್ತಾರೆ ನೋಡುವ."

ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿದ್ದು ಹಿತಾ ಒಬ್ಬಳೇ. ಕಣ್ಣು ಊದಿಕೊಂಡಿತ್ತು. ಬರುವ ದಾರಿಯಲ್ಲಿ ಕಾರು ನಿಲ್ಲಿಸಿ ಎಲ್ಲ ಹೇಳಿದರು, ಈಗ ಮೇಲೆ ಬರುವುದಕ್ಕೆ ಧೈರ್ಯವಿಲ್ಲದೆ ಕೆಳಗೇ ಕೂತಿದ್ದಾರೆ ಎಂದಳು. ಸುಪ್ರೀತಾ ಅವಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಸುಕೇಶ್ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.