ರವಿವಾರ ಬಿಟ್ಟ ಉಪ್ಪು

ಅದು 1926ರ ಚೈತ್ರ ಮಾಸ, ಸೋಮವಾರ. ಬಿಸಿಲೇರಿ ಒಂದು ತಾಸಾಗಿತ್ತು. ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಸೋನಾಬಾಯಿ ಅಂಗಳದ ತುಂಬ ಹಪ್ಪಳ ಹರವುತ್ತಿದ್ದಳು. ಒಳಗಿನಿಂದ ಗಂಡ ನೇಮಣ್ಣನ ದನಿ ಬಂತು.

"ಏ, ಕೇಳಿಸ್ತೇನ? ಒಂದೀಟು ನೀರು ತಾ. ಮನಿ ಗರಗರ ತಿರಗಾಕತ್ತೈತಿ."

ಸೋನಾಬಾಯಿ ಹಪ್ಪಳ ಅಲ್ಲೇ ಬಿಟ್ಟು ತಂಬಿಗೆ ಹಿಡಿದು ಒಳಗೆ ಓಡಿದಳು. ಖಾನಾಪುರದಲ್ಲಿದ್ದ ಭಾವ, ನೇಮಣ್ಣನ ಅಣ್ಣ ಆದಿನಾಥನಿಗೂ ಮೊದಲು ಹೀಗೆಯೇ ತಲೆ ತಿರುಗಿತ್ತು. ಎಂಟೇ ದಿನದಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಂದಿನಿಂದ ಎರಡೂ ಮನೆಗೆ ಅಕ್ಕಿ ವ್ಯಾಪಾರಿ ನೇಮಣ್ಣನೊಬ್ಬನೇ ಆಧಾರ.

ಬಾಜೂ ಮನೆಯ ಗುರುಪುತ್ರಪ್ಪ ಒಬ್ಬ ಡಾಕ್ಟರರ ಬಳಿ ಕಂಪೌಂಡರ್. ಅವನೇ ನೇಮಣ್ಣನನ್ನು ಟಾಂಗಾದಲ್ಲಿ ಕರೆದೊಯ್ದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು, ಪಾದರಸ ಏರಿದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. ನೆತ್ತರದ ಒತ್ತಡ ಬಹಳ ಹೆಚ್ಚಾಗಿತ್ತು.

ಮನೆಗೆ ಬಂದ ಮೇಲೆ ನೇಮಣ್ಣ ಗುರುಪುತ್ರಪ್ಪನಿಗೆ, "ಏನರೆ ಔಷಧ ಕೊಡಸೋ ಮಾರಾಯ" ಎಂದ.

"ಇದಕ್ಕ ನಂಬೂವಂಥಾ ಔಷಧ ಇನ್ನೂ ಬಂದಿಲ್ರೀ. ಉಪ್ಪು ಕಡಿಮಿ ಮಾಡ್ರಿ ಅಂದಾರ ಡಾಕ್ಟರು. ತಪಕೀರ ಬಿಡ್ರಿ. ಗಾದಿಗಿ ಒರಗೂದು ಸಾಕು, ದಿನಾ ನಡೀರಿ."

ನೇಮಣ್ಣ ಚಿಟಿಕೆ ತಪಕೀರಿನ ನಶ್ಯ ಮೂಗಿಗೇರಿಸಿ ನಕ್ಕ. "ಉಪ್ಪು ಬಿಡೂದು ನೀ ನನಗ ಕಲಸ್ತೀಯೇನ? ನಾವು ಜೈನರು. ನಮ್ಮಜ್ಜನ ಕಾಲದಿಂದ ರವಿವಾರಕ್ಕೊಮ್ಮಿ ಉಪ್ಪು ಬಿಡೂ ನೇಮ ಐತಿ. ನೀ ಒಂದಿನ ಬಿಟ್ಟು ತೋರಸು ನೋಡೂಣು!"

ಬಾಗಿಲ ಮರೆಯಿಂದ ಸೋನಾಬಾಯಿ ಅಂದಳು: "ರವಿವಾರ ಬಿಡತಾರ, ಖರೇ. ಸೋಮವಾರ ಏನ ತಿಂತಾರ ಕೇಳ್ರಿ. ನಾಕು ಹಪ್ಪಳ, ಹುರದ ಮಜ್ಜಿಗಿ ಮೆಣಸಿನಕಾಯಿ, ಮ್ಯಾಲ ಉಪ್ಪಿನಕಾಯಿ. ನಿನ್ನೀದೂ ಸೇರಿಸಿ ಉಣ್ಣೂಣು ಅಂತಾರ."

"ಹಪ್ಪಳ ಉಪ್ಪೇನ?"

"ಮತ್ತ ಸಕ್ಕರೀನ?"

ಗುರುಪುತ್ರಪ್ಪ ನಗಲಿಲ್ಲ. "ನೆತ್ತರಕ್ಕ ವಾರ ತಿಳಿಯೂದಿಲ್ರಿ ನೇಮಣ್ಣ. ಒಂದಿನ ಬಿಟ್ಟು ಆರು ದಿನ ತುಂಬಿದ್ರ ಏನ ಬಂತು? ನಿಮ್ಮ ನೇಮ ನಡಸ್ರಿ, ಯಾರು ಬ್ಯಾಡಂದಾರ? ನಿಮ್ಮ ನಾಲಿಗಿ ಪಳಗೇತಿ, ನನಗಿಂತ ನಿಮಗ ಹಗರ. ಉಳದ ಆರು ದಿನಾನೂ ಕೈ ಬಿಗಿ ಹಿಡೀರಿ."

"ಸಪ್ಪಂದು ತಿಂದು ನೂರು ವರ್ಷ ಬದುಕಿ ಏನ ಮಾಡ್ಲಿ?" ಎಂದು ನೇಮಣ್ಣ ಅಂಗಡಿಗೆ ಎದ್ದುಹೋದ.

ಮುಂದಿನ ಸೋಮವಾರ ಗಂಡಹೆಂಡತಿ ರೈಲಿನಲ್ಲಿ ಖಾನಾಪುರಕ್ಕೆ ಹೋದರು. ಊಟದ ಹೊತ್ತಿಗೆ ಆದಿನಾಥನನ್ನು ಗೋಡೆಗೆ ಒರಗಿಸಿ ತಮ್ಮನ ಬಾಜೂಕೆ ಕೂರಿಸಿದ್ದರು. ಅವನ ಹೆಂಡತಿ ಶಾಂತಮ್ಮ ನೇಮಣ್ಣನ ತಾಟಿಗೆ ಬಿಸಿ ಹಪ್ಪಳ ಇಟ್ಟಳು, ಉಪ್ಪಿನಕಾಯಿ ಹಾಕಿದಳು.

"ಡಾಕ್ಟರು ಬ್ಯಾಡಂದಾರ" ಎಂದಳು ಸೋನಾಬಾಯಿ ಮೆಲ್ಲಗೆ. "ನಿಮ್ಮಣ್ಣಗಾದದ್ದ ನಿಮಗೂ ಆಗತದಂತ."

"ಉಣ್ಣೂ ಹೊತ್ತಿನಾಗ ಸುರು ಮಾಡಬ್ಯಾಡ" ಎಂದು ನೇಮಣ್ಣ ಹಪ್ಪಳ ಮುರಿದ.

ಆಗ ಆದಿನಾಥ ಬಾಗಿದ. ಎಡಗೈ ಚಾಚಿ ತಮ್ಮನ ತಾಟಿನಿಂದ ಹಪ್ಪಳ ತೆಗೆದ. ಮತ್ತೆ ಚಾಚಿ ಉಪ್ಪಿನಕಾಯಿಯನ್ನು ನೆಲಕ್ಕೆ ತಳ್ಳಿದ. ಆ ಮನೆಯಲ್ಲಿ ಉಣ್ಣುವ ತಾಟಿಗೆ ಎಡಗೈ ತಾಗಿಸಿದವರು ಇರಲಿಲ್ಲ.

"ಅಣ್ಣಾ, ಎಡಗೈ..." ಎಂದ ನೇಮಣ್ಣನ ಮಾತು ಅಲ್ಲೇ ನಿಂತಿತು. ಅಣ್ಣನಿಗೆ ಉಳಿದದ್ದು ಅದೊಂದೇ ಕೈ. ಅವನ ಕಣ್ಣಲ್ಲಿ ನೀರಿತ್ತು.

ನೇಮಣ್ಣ ಕೈಯಲ್ಲಿದ್ದ ಹಪ್ಪಳದ ಚೂರನ್ನು ಪಕ್ಕಕ್ಕಿಟ್ಟು ಅಂದ: "ವೈನಿ, ನನಗ ಅನ್ನಕ್ಕ ಬರೇ ಮಜ್ಜಿಗಿ ಹಾಕ್ರಿ. ಉಪ್ಪು ಬ್ಯಾಡ."

ಬೆಳಗಾವಿಗೆ ಮರಳಿದ ಮೇಲೆ ಸೋನಾಬಾಯಿ ಬೇಳೆಗೆ ಹಾಕುವ ಉಪ್ಪನ್ನು ಅರ್ಧಕ್ಕಿಳಿಸಿದಳು. ಲಿಂಬೆ ಹಿಂಡಿದಳು, ಕೊತ್ತಂಬರಿ ಉದುರಿಸಿದಳು. ಹಪ್ಪಳದ ಡಬ್ಬಿ ಅಟ್ಟ ಸೇರಿತು. ನೇಮಣ್ಣ ತಪಕೀರು ಬಿಟ್ಟು ಹದಿನೈದು ದಿನ ಎಲ್ಲರ ಮೇಲೂ ಸಿಡುಕಿದ. ಆದರೂ ಮುಂಜಾನೆ ಎದ್ದು ಕೋಟೆ ಕೆರೆಯ ತನಕ ನಡೆದ. ಮೂರು ತಿಂಗಳಿಗೆ ಪಾದರಸ ಇಳಿಯಿತು. ಪೂರಾ ಅಲ್ಲ, ಆದರೆ ಇಳಿಯಿತು.

"ಇನ್ನೂ ನಡೀಬೇಕ್ರಿ" ಎಂದ ಗುರುಪುತ್ರಪ್ಪ.

"ನಡಿಯೂದು ನಾನು, ಹೇಳೂದು ನೀನು. ಚೊಲೋ ಉದ್ಯೋಗ ಹಿಡದೀಯಪ್ಪ!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದು ನಿಮ್ಮ ಮನೆಯ ತಾಟಿನ ಮಾತು. ಎಲ್ಲರಿಗೂ ತಲೆ ತಿರುಗಿ ಸೂಚನೆ ಸಿಗುವುದಿಲ್ಲ. ಒತ್ತಡ ಸದ್ದಿಲ್ಲದೆ ಏರುತ್ತದೆ. ಇಂದು ಹತ್ತಿರದ ದವಾಖಾನೆಯಲ್ಲೇ ಅಳೆಯುತ್ತಾರೆ, ಹೋಗಿ ತೋಳು ಚಾಚಿರಿ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು, ಹಪ್ಪಳ ಉಪ್ಪಿನಕಾಯಿಯದೂ ಅದರಲ್ಲೇ ಬಂತು. ದಿನಾ ಅರ್ಧ ತಾಸು ನಡೆಯಿರಿ. ತಂಬಾಕು, ಸೆರೆ ಬಿಡಿರಿ. ನೇಮಣ್ಣನ ಕಾಲಕ್ಕಿಲ್ಲದ ಮಾತ್ರೆಗಳು ಈಗ ಇವೆ. ಡಾಕ್ಟರು ಕೊಟ್ಟರೆ ತಪ್ಪದೆ ನುಂಗಿರಿ, ಆರಾಮಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿರಿ.

ಆದಿನಾಥ ಆ ವರ್ಷದ ಕಾರ್ತಿಕದಲ್ಲಿ, ಎರಡನೆಯ ಬುಧವಾರ ಮುಂಜಾನೆ ತೀರಿಹೋದ. ತಮ್ಮ ನೇಮಣ್ಣ ಖಾನಾಪುರದ ಸ್ಟೇಶನ್ನಿನಿಂದ ಟಾಂಗಾ ಹತ್ತದೆ ನಡೆದೇ ಬಂದು ಅಣ್ಣನ ಚಟ್ಟಕ್ಕೆ ಹೆಗಲು ಕೊಟ್ಟ.