ಪಡುಗೋಡೆಯ ಮಡಲು

ಅತ್ತಾವರದಲ್ಲಿ ಹೊಸ ಮನೆ ಕಟ್ಟಿಸಿದ ಮಟಿಲ್ಡಾ ಟೀಚರಿಗೆ ಶಾಲೆಯಿಂದ ಮನೆಗೆ ಬಂದ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಗಂಡ ತೀರಿಹೋಗಿದ್ದರು. ಉಬ್ಬಸವಿದ್ದ ಮಗಳು ಬೆನಿಟಾ ಜೊತೆಗಿರಲೆಂದೇ ಕೆಂಪು ಮುರಕಲ್ಲಿನ ಈ ಮನೆ ಎದ್ದಿತ್ತು. ಆದರೆ ೧೯೫೭ರ ಮಳೆಗಾಲದಲ್ಲಿ ಪಶ್ಚಿಮದ ಗಾಳಿಮಳೆಗೆ ಪಡುಗೋಡೆ ಒಳಗಿನವರೆಗೂ ನೆನೆದು ಬೂಸ್ಟು ಹಿಡಿಯಿತು. ಮಗುವಿನ ಉಬ್ಬಸ ಹೆಚ್ಚಿತು. ಮಳೆಯಲ್ಲೂ ಗೋಡೆ ಒದ್ದೆಯಾಗದೆಂದು ಖಚಿತವಾಗುವವರೆಗೆ ಅವಳು ಇಲ್ಲಿರಬಾರದೆಂದು ಡಾಕ್ಟರರು ಹೇಳಿದರು. ಬೆನಿಟಾ ಬೋರ್ಡಿಂಗಿಗೆ ಹೋದಳು.

ಗಾರೆ ಹಾಕಿದ ಹಂಚಿನ ಮನೆಯ ಗೋಡೆಗೆ ಮಳೆ ತಡೆಯಲು ತೆಂಗಿನ ಗರಿಯ ಮಡಲು ಕಟ್ಟಿದರೆ ಗುಡಿಸಲಿನಂತೆ ಕಾಣುವುದೆಂದು ಟೀಚರ್ ಆ ವರ್ಷ ಕಟ್ಟಿಸಿರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ನಾಚಿಕೆ ಬಿಟ್ಟು, ಹೆಣೆದ ಮಡಲು ಕೊಂಡು, ಯಾರನ್ನೂ ಕರೆಯದೆ ತಾವೇ ಕಟ್ಟಿದರು. ಮೇಲಿನ ಸಾಲು ಮೊದಲು, ಆಮೇಲೆ ಅದರ ಅಂಚನ್ನು ಮುಚ್ಚುವಂತೆ ಕೆಳಗಿನ ಸಾಲು. ಗಾಳಿಗೆ ಅಲುಗದಿರಲೆಂದು ಎಲ್ಲವನ್ನೂ ಗೋಡೆಗೆ ಒತ್ತಿ ಬಿಗಿದರು.

ಮಡಲು ಹೆಣೆದುಕೊಟ್ಟ ನೆರೆಮನೆಯ ಕಿನ್ನಿಯಕ್ಕ ಬೇಲಿಯಾಚೆ ನಿಂತು ನೋಡಿದರು.

"ಇದೆಂತ ಟೀಚರ್, ಗೋಡೆಗೆ ನೀರು ಕುಡಿಸ್ಲಿಕ್ಕೆ ಕಟ್ಟಿದ್ದಾ?"

ಟೀಚರಿಗೆ ನೋವಾಯಿತು. ಹೊದಿಕೆ ಇದ್ದರೆ ಸಾಲದೇ ಎಂದರು. ಕಿನ್ನಿಯಕ್ಕ ಬೇಲಿ ದಾಟಿ ಬಂದರು. ಏಣಿ ಹತ್ತಿ ಒಂದು ಕೊಡ ನೀರನ್ನು ಮೇಲಿನಿಂದ ಸುರಿದು, ಮಡಲು ಎತ್ತಿ ತೋರಿಸಿದರು. ಪ್ರತಿ ಸಾಲಿನ ಸಂದಿನಲ್ಲೂ ನೀರು ಒಳಗಿಳಿದು ಗೋಡೆ ತೊಯ್ದಿತ್ತು.

"ಕೆಳಗಿಂದ ಶುರು ಮಾಡ್ಬೇಕು. ಹಂಚು ಇಟ್ಟ ಹಾಗೆ, ಮೇಲಿನದ್ದು ಕೆಳಗಿನದ್ರ ಮೇಲೆ ಬರ್ಬೇಕು. ಮತ್ತೆ ಗೋಡೆಗೆ ತಾಗ್ಬಾರ್ದು, ಎಡೆಯಲ್ಲಿ ಗಾಳಿ ಆಡ್ಬೇಕು."

ಟೀಚರ್ ತೊಯ್ದ ಗೋಡೆಯನ್ನು ಮುಟ್ಟಿ ನೋಡಿದರು. "ಈ ಸಲವೂ ಒದ್ದೆಯಾದ್ರೆ ಬೆನಿಟಾ ಬರ್ಲಿಕ್ಕಿಲ್ಲ ಕಿನ್ನಿಯಕ್ಕ. ನನಗೆ ಒಬ್ಬಳೇ ಇದ್ದು ಸಾಕಾಗಿದೆ."

"ಇದು ಒಬ್ರೇ ಮಾಡುವ ಕೆಲ್ಸ ಅಲ್ಲ ಮಾರಾಯ್ರೆ. ಏಣಿ ಹಿಡ್ಕೊಳ್ಳಿ."

ಇಬ್ಬರೂ ಎಲ್ಲವನ್ನೂ ಬಿಚ್ಚಿದರು. ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ ಬಿದಿರಿನ ಗಳ ನಿಲ್ಲಿಸಿ, ಅದಕ್ಕೆ ಮಡಲು ಕಟ್ಟುತ್ತ ಮೇಲೇರಿದರು. ಗೆದ್ದಲು ಹತ್ತದಂತೆ ನೆಲದಿಂದ ಒಂದು ಗೇಣು ಬಿಟ್ಟರು. ಕೊನೆಯ ಸಾಲನ್ನು ಹಂಚಿನ ಮಾಡಿನ ಅಂಚಿನಡಿಗೆ ಸೇರಿಸಿದರು.

ಜೂನ್ ಪೂರ್ತಿ ಮಳೆ ಹೊಡೆಯಿತು. ಟೀಚರ್ ದಿನವೂ ಬೆಳಿಗ್ಗೆ ಒಳಗಿನಿಂದ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು. ನಂಬಿಕೆ ಸಾಲದೆ ಕೆನ್ನೆಯನ್ನೂ ಇಡುತ್ತಿದ್ದರು. ಗೋಡೆ ಒಣಗಿಯೇ ಇತ್ತು. ಜುಲೈಯಲ್ಲಿ ಡಾಕ್ಟರರು ಬಂದು ನೋಡಿ ಒಪ್ಪಿದರು. ಶನಿವಾರ ಬೆನಿಟಾ ಟ್ರಂಕಿನೊಡನೆ ಬಂದಿಳಿದಳು.

ಓದುಗರೇ, ಮನೆ ಹೊಸದೆಂದು ಮಳೆ ಬಿಡುವುದಿಲ್ಲ. ಮೇ ಮುಗಿಯುವ ಮೊದಲೇ ನಿಮ್ಮ ಪಡುಗೋಡೆಯನ್ನು ಹೊದಿಸಿರಿ, ಕೆಳಗಿನಿಂದ ಮೇಲಕ್ಕೆ, ಗಾಳಿಗೆ ಎಡೆಬಿಟ್ಟು. ಜೊತೆಗೆ ಯಾರೂ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಬೇಲಿಯ ಬಳಿ ನಿಂತು ಒಮ್ಮೆ ಕರೆದು ನೋಡಿರಿ.